ಅಕ್ಕನ ಗೆಳತಿ: ಸಂಬಂಧವಾಚಕ ಮತ್ತು ಹೆಣ್ಣು-ಹೆಣ್ಣಿನ ಪ್ರೀತಿಯ ಓದು

ಅಣ್ಣನ ಗೆಳೆಯನನ್ನು ಪ್ರೀತಿಸುವ ಹೆಣ್ಣು ನಮ್ಮ ಕಥನ ಸಾಹಿತ್ಯಕ್ಕೆ ಅಪರಿಚಿತಳಲ್ಲ. ಅಲ್ಲಿ ಜಾತಿ, ಅಂತಸ್ತು, ಅಣ್ಣನ ಸಿಟ್ಟು ಅಡ್ಡಿಗಳಾಗಿ ಬರುತ್ತವೆ. ಅಡ್ಡಿ ಕಳೆದರೆ ಮದುವೆ. ಅದೇ ಹೆಣ್ಣು ಅಕ್ಕನ ಗೆಳತಿಯನ್ನು ಪ್ರೀತಿಸಿದರೆ? ಈ ಪ್ರಶ್ನೆಯನ್ನು ಸಂಬಂಧವಾಚಕಗಳ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೈಸೂರಿನ ಮಂಡಿ ಮೊಹಲ್ಲಾದಂತಹ ಹಳೆಯ ಬಡಾವಣೆಯಲ್ಲಿ ಕನ್ನಡ ಮತ್ತು ದಖ್ಖನಿ ಉರ್ದು ಅಕ್ಕಪಕ್ಕದಲ್ಲಿ ಬಾಳುತ್ತವೆ. ಅಕ್ಕನ ಗೆಳತಿ ಒಂದರಲ್ಲಿ 'ಅಕ್ಕ', ಇನ್ನೊಂದರಲ್ಲಿ 'ಆಪಾ'. ಈ ಕರೆ ಎರಡು ಕೆಲಸಗಳನ್ನು ಮಾಡುತ್ತದೆ. ಅಣ್ಣನ ಗೆಳೆಯ ಜಗಲಿಯಲ್ಲೇ ನಿಲ್ಲಬೇಕಾದಲ್ಲಿ ಅಕ್ಕನ ಗೆಳತಿಗೆ ಅಡುಗೆಮನೆಯವರೆಗೂ ದಾರಿಯಿದೆ. ರಾತ್ರಿ ಉಳಿದರೂ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅದೇ ಪದ ಆಕೆಯನ್ನು ಒಡಹುಟ್ಟಿದವಳ ಸ್ಥಾನದಲ್ಲಿರಿಸಿ ಪ್ರೀತಿಯನ್ನು ಆಡಲಾಗದ ಮಾತಾಗಿಸುತ್ತದೆ. ಇಲ್ಲಿ ನಿಷೇಧಕ್ಕೊಳಗಾಗುವುದು ಭೇಟಿಯಲ್ಲ, ಹೆಸರು. ಸಂಗತಿ ಬಯಲಾದರೆ ಕಳೆದುಹೋಗುವುದು ಪ್ರೇಮವೊಂದೇ ಅಲ್ಲ. ಅಕ್ಕನ ಸ್ನೇಹ, ಅಕ್ಕನ ನಂಬಿಕೆಗಳೂ ಅದರೊಡನೆ ಹೋಗುತ್ತವೆ.

ಇಂತಹ ಹೆಸರು ಎಂದೂ ಇರಲಿಲ್ಲವೆಂದು ಭಾವಿಸಬೇಕಿಲ್ಲ. 17ನೆಯ ಶತಮಾನದ ಬಿಜಾಪುರದಲ್ಲಿ ಹಾಶ್ಮಿ ದಖ್ಖನಿಯಲ್ಲಿ ಹೆಣ್ಣಿನ ದನಿಯ ಕಾವ್ಯ ರಚಿಸಿದನು. ಮುಂದೆ ಉತ್ತರ ಭಾರತದಲ್ಲಿ ರಂಗೀನ್, ಇನ್ಶಾ ಮೊದಲಾದವರಿಂದ 'ರೇಖ್ತಿ' ಎಂದು ಹೆಸರಾದ ಪ್ರಕಾರದಲ್ಲಿ ಹೆಣ್ಣಿನ ಆಪ್ತಸಂಗಾತಿಗೆ 'ದುಗಾನಾ', 'ಜನಾಖಿ' ಎಂಬ ಪದಗಳಿವೆ. ಕವಿಗಳು ಪ್ರಧಾನವಾಗಿ ಗಂಡಸರಾದ್ದರಿಂದ ಇದನ್ನು ಹೆಂಗಸರ ನೇರ ಸಾಕ್ಷ್ಯವೆಂದು ಸ್ವೀಕರಿಸಲಾಗದು. ಆದರೂ ಆ ಸಂಬಂಧವನ್ನು ಗುರುತಿಸುವ ಪದಗಳು ಕಾವ್ಯಭಾಷೆಯಲ್ಲಿದ್ದವು ಎಂಬುದನ್ನು ಅಲ್ಲಗಳೆಯಲಾಗದು. ಮುಂದಿನ ವಿಮರ್ಶೆ ರೇಖ್ತಿಯನ್ನು ಅಶ್ಲೀಲವೆಂದು ಬದಿಗೆ ಸರಿಸಿತು. ಇಸ್ಮತ್ ಚುಗ್ತಾಯಿಯವರ 'ಲಿಹಾಫ್' (1942) ಕಥೆಯಲ್ಲಿ ಬೇಗಂ ಜಾನ್ ನಿರೂಪಕಿಯ ತಾಯಿಗೆ ತಂಗಿಯೆಂದು ಒಪ್ಪಿಕೊಂಡ ಗೆಳತಿ; ಆ ಸಂಬಂಧದ ಭರವಸೆಯ ಮೇಲೆಯೇ ಮನೆಯ ಬಾಗಿಲು ತೆರೆಯುತ್ತದೆ. ಅಶ್ಲೀಲತೆಯ ಆರೋಪದ ಮೊಕದ್ದಮೆ ಲಾಹೋರಿನಲ್ಲಿ ನಡೆಯಿತು.

ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' (2013) ಗಂಡು-ಗಂಡಿನ ಪ್ರೀತಿಗೆ ಮಾತು ಕೊಟ್ಟಿತು. ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲಿಲ್ಲ. ಅಂದರೆ ಅಪರಾಧದ ಮುದ್ರೆ ಅಳಿದರೂ ಮದುವೆಯೆಂಬ ಮುಕ್ತಾಯ ಈ ಕಥನಕ್ಕೆ ಇನ್ನೂ ಲಭ್ಯವಿಲ್ಲ.

ಕಾವ್ಯದ ಸಖಿಯರೆಲ್ಲರನ್ನೂ ಪ್ರೇಮಿಗಳೆಂದು ಓದುವುದು ಅತಿವ್ಯಾಪ್ತಿ. 'ಗೆಳತಿಯಷ್ಟೇ' ಎಂದು ಪ್ರತಿಬಾರಿಯೂ ಮುಚ್ಚಿಬಿಡುವುದು ಮನೆಯ ಹಿರಿಯರ ಮಾತನ್ನೇ ವಿಮರ್ಶೆಯಾಗಿ ಪುನರುಚ್ಚರಿಸಿದಂತೆ. 'ಅಕ್ಕ' ಎಂಬ ಕರೆ ಪಠ್ಯದಲ್ಲಿ ಎಲ್ಲಿ ತಡವರಿಸುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ಗಮನಿಸುವ ಓದು ಈ ಎರಡರ ನಡುವೆ ಸಾಧ್ಯವಿದೆ.