ಸುಂಟರಗಾಳಿಯ ಸ್ವರೂಪವೂ ಪ್ರಾಣರಕ್ಷಣೆಯ ಕ್ರಮಗಳೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಅನುಭವದಿಂದಲೇ ತಿಳಿದಿರುವಂತೆ, ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಬೆಳಗಿನಿಂದ ಸೆಕೆ ಬಲಿತು, ಹೊತ್ತು ಇಳಿದ ಮೇಲೆ ದಿಗಂತದಲ್ಲಿ ಕರಿಯ ಮೋಡವೆದ್ದು, ಅರ್ಧ ಗಳಿಗೆಯೊಳಗೆ ಗಾಳಿ, ಗುಡುಗು, ಸಿಡಿಲು, ಆಲಿಕಲ್ಲುಗಳು ಒಟ್ಟಿಗೆ ಬರುವುದುಂಟು. ಈ ಮಳೆಯು ಮಾಗಿಯ ಉಳುಮೆಗೂ ಕಾಫಿಯ ಹೂವಿಗೂ ಉಪಕಾರಿಯಾದುದು. ಆದರೆ ಅದರ ಜತೆಯಲ್ಲಿ ಬರುವ ಗಾಳಿಯು ಮನುಷ್ಯರನ್ನೂ ದನಕರುಗಳನ್ನೂ ಬಲಿ ತೆಗೆದುಕೊಳ್ಳುತ್ತದೆ. ಆದಕಾರಣ ಗಾಳಿಗಳಲ್ಲೆಲ್ಲ ಅತ್ಯಂತ ಉಗ್ರವಾದ ಸುಂಟರಗಾಳಿಯ ಸ್ವರೂಪವನ್ನು ಮೊದಲು ವಿವರಿಸಿ, ಅದರಿಂದ ಲೋಕವು ಕಲಿತ ಪಾಠಗಳಲ್ಲಿ ನಮ್ಮ ಊರುಗಳಿಗೆ ಸಲ್ಲತಕ್ಕವು ಯಾವುವೆಂಬುದನ್ನು ಈ ಲೇಖನದಲ್ಲಿ ತಿಳಿಸಲಾಗುವುದು.

ಗಾಳಿಗಳ ಭೇದ

ಜೋರಾಗಿ ಬೀಸುವ ಗಾಳಿಗೆಲ್ಲ ಒಂದೇ ಹೆಸರಿಡುವ ರೂಢಿಯಿಂದ ತಪ್ಪು ತಿಳಿವಳಿಕೆಗಳು ಹುಟ್ಟುತ್ತವೆ. ಇವುಗಳಲ್ಲಿ ನಾಲ್ಕು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸತಕ್ಕದ್ದು.

ಮೊದಲನೆಯದು ಸುಳಿಗಾಳಿ. ಆಕಾಶವು ನಿರ್ಮಲವಾಗಿರುವಾಗ ಕಾದ ನೆಲದಿಂದ ಮೇಲಕ್ಕೆದ್ದು, ಧೂಳನ್ನೂ ತರಗೆಲೆಗಳನ್ನೂ ಸುತ್ತಿಸಿಕೊಂಡು ಹೋಗುವ ಇದನ್ನು ದೆವ್ವದ ಗಾಳಿಯೆಂದು ಕೆಲವರು ಅಂಜುತ್ತಾರೆ. ಕಣದಲ್ಲಿ ತೂರುವ ಕೆಲಸವನ್ನು ಕೆಡಿಸುವುದರ ಹೊರತು ಇದರಿಂದ ಹೆಚ್ಚಿನ ಅಪಾಯವಿಲ್ಲ. ಎರಡನೆಯದು ಬಿರುಗಾಳಿ. ಗುಡುಗಿನ ಮೋಡದೊಳಗಿನಿಂದ ಮಳೆಯೊಡನೆ ತಣ್ಣಗಾದ ಗಾಳಿಯು ರಭಸದಿಂದ ಕೆಳಕ್ಕೆ ಬಿದ್ದು, ನೆಲವನ್ನು ಮುಟ್ಟಿದೊಡನೆ ಮುಂದಕ್ಕೆ ಹರಡಿಕೊಳ್ಳುತ್ತದೆ. ನಮ್ಮ ನಾಡಿನಲ್ಲಿ ಬೇಸಗೆಯ ಕೊನೆಗೆ ಕಾಣುವುದು ಬಹುಮಟ್ಟಿಗೆ ಇದೇ. ಮೂರನೆಯದು ಚಂಡಮಾರುತ. ಇದು ಸಮುದ್ರದ ಮೇಲೆ ಹುಟ್ಟಿ, ನೂರಾರು ಮೈಲಿಗಳಷ್ಟು ವಿಸ್ತಾರವಾಗಿ, ದಿನಗಟ್ಟಳೆ ಚಲಿಸತಕ್ಕದ್ದು; ಇದರ ಮುನ್ಸೂಚನೆಯನ್ನು ಕೆಲವು ದಿನಗಳ ಮುಂಚೆಯೇ ಕೊಡುವುದು ಸಾಧ್ಯ. ನಾಲ್ಕನೆಯದೇ ನಿಜವಾದ ಸುಂಟರಗಾಳಿ. ಗುಡುಗಿನ ಮೋಡದ ತಳದಿಂದ ಆನೆಯ ಸೊಂಡಿಲಿನಂತೆ ಇಳಿದು, ನೆಲವನ್ನು ಮುಟ್ಟಿ, ಅತಿವೇಗವಾಗಿ ಸುತ್ತುತ್ತಾ ಮುಂದುವರಿಯುವ ಗಾಳಿಯ ಕಂಬವಿದು. ಇದರ ಅಗಲವು ಸಾಮಾನ್ಯವಾಗಿ ಕೆಲವು ನೂರು ಗಜಗಳನ್ನು ಮೀರದು. ಆಯುಸ್ಸು ಬಹುಪಾಲು ಹತ್ತು ನಿಮಿಷಗಳಿಗೂ ಕಡಿಮೆ. ಆದರೆ ಅತ್ಯುಗ್ರವಾದವುಗಳಲ್ಲಿ ಗಾಳಿಯ ವೇಗವು ಗಂಟೆಗೆ 300 ಮೈಲಿಗಳ ಸಮೀಪಕ್ಕೆ ಏರುತ್ತದೆ.

ಗಾಳಿಯ ವೇಗವು ಎರಡರಷ್ಟಾದರೆ ಅದರ ಒತ್ತಡವು ನಾಲ್ಕರಷ್ಟಾಗುತ್ತದೆಂಬುದನ್ನು ಇಲ್ಲಿ ನೆನಪಿಡತಕ್ಕದ್ದು. ಗಂಟೆಗೆ 30 ಮೈಲಿಯ ಗಾಳಿಯನ್ನು ತಡೆದ ಚಾವಣಿಯು 60 ಮೈಲಿಯ ಗಾಳಿಯನ್ನೂ ತಡೆದೀತೆಂದು ನಂಬುವುದು ಸರಿಯಲ್ಲ.

ಉತ್ಪತ್ತಿಯ ಕ್ರಮ

ನೆಲದ ಬಳಿಯಲ್ಲಿ ಬಿಸಿಯೂ ತೇವವೂ ಉಳ್ಳ ಗಾಳಿ, ಅದರ ಮೇಲೆ ಒಣಗಾಳಿ, ಇನ್ನೂ ಮೇಲೆ ತಂಪಾದ ಗಾಳಿ ಇರುವಾಗ ಕೆಳಗಿನದು ಪ್ರಬಲವಾಗಿ ಮೇಲಕ್ಕೇರಿ ಬೆಟ್ಟದಂತಹ ಮೋಡಗಳನ್ನು ಕಟ್ಟುತ್ತದೆ. ಇಷ್ಟರಿಂದಲೇ ಸುಂಟರಗಾಳಿ ಹುಟ್ಟುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕೂ ವೇಗವೂ ಬಹಳವಾಗಿ ಬದಲಾಗಬೇಕು. ದೀಪದ ಬತ್ತಿಯನ್ನು ಎರಡು ಅಂಗೈಗಳ ನಡುವೆ ಹೊಸೆಯುವಾಗ ಹತ್ತಿಯು ಹೇಗೆ ಉರುಳುವುದೋ ಹಾಗೆ, ಕೆಳಗಣ ನಿಧಾನವಾದ ಗಾಳಿಗೂ ಮೇಲಣ ವೇಗವಾದ ಗಾಳಿಗೂ ನಡುವೆ ಇರುವ ವಾಯುವು ಅಡ್ಡವಾಗಿ ಉರುಳತೊಡಗುತ್ತದೆ. ಮೇಲಕ್ಕೇರುವ ಗಾಳಿಯು ಈ ಉರುಳೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಮೋಡವೇ ತಿರುಗಲು ಮೊದಲಾಗಿ, ಆ ಸುತ್ತು ಕಿರಿದಾದಷ್ಟೂ ವೇಗವು ಹೆಚ್ಚುತ್ತದೆ. ಆದರೂ ಇಂತಹ ಮೋಡಗಳಲ್ಲಿ ಬಹುಪಾಲು ಸುಂಟರಗಾಳಿಯನ್ನು ಹುಟ್ಟಿಸದೆಯೇ ಕರಗಿಹೋಗುತ್ತವೆ.

ಈ ಸನ್ನಿವೇಶವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮಧ್ಯದ ಬಯಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಒದಗುತ್ತದೆ. ಆ ದೇಶದಲ್ಲಿ ವರ್ಷಕ್ಕೆ ಸರಾಸರಿ 1200ರಷ್ಟು ಸುಂಟರಗಾಳಿಗಳು ಕಂಡುಬರುತ್ತವೆ. ನಮ್ಮ ಉಪಖಂಡದಲ್ಲಿ ಬಂಗಾಳದ ಬಯಲೇ ಇದರ ಮುಖ್ಯ ಕ್ಷೇತ್ರ. ಅಲ್ಲಿ ಬೇಸಗೆಯಲ್ಲಿ ಕೊಲ್ಲಿಯಿಂದ ತೇವದ ಗಾಳಿಯೂ, ಪಶ್ಚಿಮದಿಂದ ಒಣಗಾಳಿಯೂ ಕೂಡಿ, ಕಾಲವೈಶಾಖಿ ಎಂಬ ಬಿರುಮಳೆಗಳು ಏಳುತ್ತವೆ. ಕರ್ನಾಟಕದಲ್ಲಿ ಆ ಕಾಲಕ್ಕೆ ಮೇಲಣ ಗಾಳಿಯ ವೇಗವು ಸಾಮಾನ್ಯವಾಗಿ ಕಡಿಮೆಯಾದುದರಿಂದ ನಿಜವಾದ ಸುಂಟರಗಾಳಿ ಬಹು ವಿರಳ. ಬಿರುಗಾಳಿಯೂ ಸಿಡಿಲೂ ಮಾತ್ರ ಪ್ರತಿವರ್ಷದ ಅತಿಥಿಗಳು.

ಎರಡು ದುರಂತಗಳು, ಒಂದು ಜಯ

1925ನೆಯ ಇಸವಿ ಮಾರ್ಚಿ 18ರಂದು ಅಮೆರಿಕದ ಮಿಸೌರಿ, ಇಲಿನಾಯ್, ಇಂಡಿಯಾನಾ ಎಂಬ ಮೂರು ಪ್ರಾಂತಗಳ ಮೇಲೆ ಒಂದು ಸುಂಟರಗಾಳಿಯು ಸುಮಾರು ಮೂರೂವರೆ ಗಂಟೆಗಳಲ್ಲಿ 219 ಮೈಲಿಗಳನ್ನು ದಾಟಿತು. ಮಡಿದವರು 695 ಮಂದಿ. ಅವರಲ್ಲಿ 234 ಮಂದಿ ಮರ್ಫಿಸ್‌ಬರೋ ಎಂಬ ಒಂದೇ ಪಟ್ಟಣದವರು. ಆ ಕಾಲದಲ್ಲಿ ಜನರು ಗಾಬರಿಯಾದಾರೆಂಬ ಭಯದಿಂದ ಹವಾಮಾನದ ಪ್ರಕಟಣೆಗಳಲ್ಲಿ ಸುಂಟರಗಾಳಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಮೋಡವು ನೆಲಕ್ಕೆ ತಗುಲಿದಂತೆ ಇಳಿದು, ಧೂಳು ಮಳೆಗಳಲ್ಲಿ ಸೊಂಡಿಲು ಮರೆಯಾಗಿದ್ದುದರಿಂದ, ಆಕಾಶವನ್ನು ನೋಡಿ ಬಾಳುವ ಒಕ್ಕಲಿಗರೂ ಅದನ್ನು ಗುರುತಿಸಲಾರದೆ ಹೋದರು.

1989ನೆಯ ಇಸವಿ ಏಪ್ರಿಲ್ 26ರ ಸಂಜೆ ಬಾಂಗ್ಲಾದೇಶದ ಮಾಣಿಕಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯಾ ಪ್ರದೇಶಗಳನ್ನು ಹೊಡೆದ ಸುಂಟರಗಾಳಿಯಲ್ಲಿ ಸುಮಾರು 1300 ಮಂದಿ ಮಡಿದರೆಂದು ಅಂದಾಜು. ಸುಂಟರಗಾಳಿಗಳಿಂದಾದ ಸಾವುಗಳಲ್ಲಿ ಇದೇ ಅತ್ಯಂತ ದೊಡ್ಡದೆಂದು ಎಣಿಸಲ್ಪಟ್ಟಿದೆ. ಮಳೆಯಿಲ್ಲದೆ ಬಳಲಿದ್ದ ಆ ಸೀಮೆಯ ಜನರಿಗೆ ಮೊದಲು ಬಂದ ಮೋಡವೇ ಮೃತ್ಯುವಾಯಿತು. ಬಿದಿರು, ತಗಡುಗಳ ಹಗುರವಾದ ಮನೆಗಳು, ದಟ್ಟವಾದ ಜನವಸತಿ, ಮುನ್ಸೂಚನೆಯ ಅಭಾವ ಇವು ಮೂರೂ ಕೂಡಿದುದೇ ಇಷ್ಟು ನಷ್ಟಕ್ಕೆ ಕಾರಣವಾಯಿತು.

ಇವೆರಡರ ನಡುವಣ ಕಾಲದಲ್ಲಿ ನಡೆದ ಇನ್ನೊಂದು ಸಂಗತಿಯು ಧೈರ್ಯವನ್ನು ಕೊಡತಕ್ಕದ್ದು. 1948ನೆಯ ಇಸವಿ ಮಾರ್ಚಿ 20ರಂದು ಓಕ್ಲಹೋಮದ ಟಿಂಕರ್ ವಿಮಾನನೆಲೆಯು ಸುಂಟರಗಾಳಿಯಿಂದ ಹಾಳಾಯಿತು. ಫಾಬುಷ್, ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಅಂದಿನ ಹವಾಮಾನದ ನಕ್ಷೆಗಳನ್ನು ಪರಿಶೀಲಿಸಿದರು. ಐದು ದಿನಗಳ ತರುವಾಯ, 25ರಂದು, ನಕ್ಷೆಗಳು ಅದೇ ಬಗೆಯಾಗಿ ಕಾಣಲು ಮುನ್ನೆಚ್ಚರಿಕೆಯನ್ನು ಕೊಟ್ಟರು. ಅದೇ ಸಂಜೆ ಅದೇ ನೆಲೆಯ ಮೇಲೆ ಮತ್ತೊಂದು ಸುಂಟರಗಾಳಿ ಹಾಯಿತು. ಆದರೆ ಜನರು ಆ ವೇಳೆಗೆ ಭದ್ರವಾದ ಸ್ಥಳಗಳನ್ನು ಸೇರಿದ್ದರು. ಮುಂದೆ 1971ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಫುಜಿತ ಎಂಬ ಜಪಾನೀ ಮೂಲದ ಪಂಡಿತರು, ಆದ ಹಾನಿಯನ್ನು ನೋಡಿ ಗಾಳಿಯ ಬಲವನ್ನು ಆರು ದರ್ಜೆಗಳಾಗಿ ಅಳೆಯುವ ಕ್ರಮವನ್ನು ಪ್ರಕಟಿಸಿದರು; 2007ರಿಂದ ಅಮೆರಿಕದಲ್ಲಿ ಅದರ ಸುಧಾರಿತ ರೂಪವು ಬಳಕೆಯಲ್ಲಿದೆ.

ನಮ್ಮವರೂ ಹಾನಿಯನ್ನು ನೋಡಿ ಗಾಳಿಯ ಜಾತಿಯನ್ನು ತಿಳಿಯಬಹುದು. ಬಿದ್ದ ತೆಂಗು, ಅಡಿಕೆ, ಬಾಳೆಗಳೆಲ್ಲ ಒಂದೇ ದಿಕ್ಕಿಗೆ, ಅಥವಾ ಬೀಸಣಿಗೆಯಂತೆ ಹೊರಕ್ಕೆ ಹರಡಿ, ಮಲಗಿದ್ದರೆ ಅದು ಬಿರುಗಾಳಿ. ಕಿರಿದಾದ ಒಂದು ಪಟ್ಟಿಯಲ್ಲಿ ಮಾತ್ರ ಹಾನಿಯಾಗಿ, ಎರಡು ಪಕ್ಕದ ಮರಗಳೂ ಒಳಮುಖವಾಗಿ ಒಂದರ ಮೇಲೊಂದು ತಿರುಚಿಕೊಂಡು ಬಿದ್ದಿದ್ದರೆ ಸುಂಟರಗಾಳಿಯೆಂದು ಸಂಶಯಪಡತಕ್ಕದ್ದು.

ನನ್ನದೊಂದು ಅನುಭವ

ಹಲವು ವರ್ಷಗಳ ಹಿಂದೆ ನನ್ನ ವಲಯದ ಒಂದು ಗ್ರಾಮದಲ್ಲಿ ಬಿತ್ತನೆಯ ಬೀಜಕ್ಕೆ ಔಷಧಿ ಬೆರೆಸುವ ಪ್ರಾತ್ಯಕ್ಷಿಕೆಯನ್ನು ನಾನು ನಡೆಸುತ್ತಿದ್ದೆನು. ಕಣದ ಪಕ್ಕದ ಹುಣಿಸೆಮರದ ನೆರಳಿನಲ್ಲಿ ನಲವತ್ತು ಮಂದಿ ಸೇರಿದ್ದರು. ಪಶ್ಚಿಮದಲ್ಲಿ ಗುಡುಗು ಕೇಳಿಸಿತು. ವೃದ್ಧರೊಬ್ಬರು, “ಇನ್‌ಸ್ಪೆಕ್ಟರೇ, ಮೋಡ ಕೆಟ್ಟದಾಗಿದೆ, ಏಳೋಣ” ಎಂದರು. ನಾನು, “ಇನ್ನು ಹತ್ತು ನಿಮಿಷ ಕುಳಿತಿರಿ, ಯಜಮಾನರೇ, ಮುಗಿಸಿಬಿಡುತ್ತೇನೆ” ಎಂದೆನು. ಹತ್ತು ನಿಮಿಷಗಳಾಗುವುದಕ್ಕೆ ಮೊದಲೇ ಗಾಳಿ ಬಂದಿತು. ಕೊಂಬೆಯೊಂದು ಮುರಿದು ಆ ವೃದ್ಧರ ಹೆಗಲ ಮೇಲೆಯೇ ಬಿದ್ದಿತು. ಮರದ ಬುಡಕ್ಕೆ ಕಟ್ಟಿದ್ದ ಒಂದು ಜೊತೆ ಎತ್ತುಗಳು ಸಿಡಿಲಿಗೆ ಸಿಕ್ಕಿ ನಿಂತಲ್ಲಿಯೇ ಸತ್ತುವು. ಅವುಗಳ ಒಡೆಯನು ಆ ಮುಂಗಾರಿನಲ್ಲಿ ಬಾಡಿಗೆಯ ಎತ್ತುಗಳಿಗಾಗಿ ಕಾದು, ಹದ ಕಳೆದ ಮೇಲೆ ಬಿತ್ತಿದನು. ವೃದ್ಧರು ಮತ್ತೆ ಮೇಣಿ ಹಿಡಿಯಲಿಲ್ಲ.

ಇಲ್ಲಿ ದೋಷವು ಗಾಳಿಯದಲ್ಲ, ನನ್ನದು. ನಾನು ಏಳೆಂದು ಹೇಳುವವರೆಗೆ ಆ ಜನರು ಏಳಲಿಲ್ಲ. ಜಮೀನುದಾರರು ಹೇಳುವವರೆಗೆ ಆಳುಗಳೂ ಹಾಗೆಯೇ ಸಾಲನ್ನು ಬಿಟ್ಟು ಕದಲುವುದಿಲ್ಲ. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ.

ಗಾಳಿ ಬರುವಾಗ ಮಾಡತಕ್ಕ ಕೆಲಸಗಳು

1. ಮಿಂಚನ್ನು ಕಂಡೊಡನೆ ಎಣಿಸತೊಡಗಿರಿ. ಮಿಂಚಿಗೂ ಗುಡುಗಿಗೂ ನಡುವೆ ಐದು ಸೆಕೆಂಡುಗಳಾದರೆ ಸಿಡಿಲು ಒಂದು ಮೈಲಿಯ ದೂರದಲ್ಲಿದೆ. ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಹೊಲದ ಕೆಲಸವನ್ನು ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಕ್ಕೆ ಕಳುಹಿಸತಕ್ಕದ್ದು. ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಹೊರಗೆ ಬರಕೂಡದು. ನಮ್ಮ ದೇಶದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಮೇಲ್ಪಟ್ಟು ಜನರು ಸಿಡಿಲಿನಿಂದ ಸಾಯುತ್ತಾರೆ. ಇವರಲ್ಲಿ ಬಹುಪಾಲು ಹೊಲದಲ್ಲಿಯೂ ಬಯಲಿನಲ್ಲಿಯೂ ಇದ್ದ ಹಳ್ಳಿಗರು.

2. ಒಂಟಿಮರದ ಕೆಳಗೆ ಮನುಷ್ಯರಾಗಲಿ ದನಗಳಾಗಲಿ ನಿಲ್ಲಕೂಡದು. ತಂತಿಬೇಲಿ, ಪಂಪುಸೆಟ್ಟು, ಕೆರೆಯ ನೀರು ಇವುಗಳಿಂದ ದೂರವಿರತಕ್ಕದ್ದು. ಸಿಡಿಲು ಬಂದಾಗ ಅರ್ಜುನನ ನಾಮಗಳನ್ನು ಹೇಳುವ ಸಂಪ್ರದಾಯ ನಮ್ಮಲ್ಲಿದೆ. ಧಾರಾಳವಾಗಿ ಹೇಳಲಿ, ಆದರೆ ಮನೆಯೊಳಗೆ ಕುಳಿತು ಹೇಳಲಿ.

3. ಮೋಡವು ಹಸಿರುಕಪ್ಪಾಗಿ, ತಳವು ತಿರುಗುವಂತೆ ಕಂಡು, ರೈಲುಗಾಡಿಯಂತೆ ಎಡೆಬಿಡದ ಮೊರೆತ ಕೇಳಿಸಿದರೆ ಸುಂಟರಗಾಳಿಯೆಂದೇ ಭಾವಿಸಿ, ಗಟ್ಟಿಯಾದ ಕಟ್ಟಡದ ಕೆಳಗಣ ಅಂತಸ್ತಿನ ಒಳಕೋಣೆಯನ್ನು ಸೇರಿ, ಕಿಟಕಿಗಳಿಂದ ದೂರವಾಗಿ ಕುಳಿತು, ದಪ್ಪ ಕಂಬಳಿಯಿಂದಲೋ ಹಾಸಿಗೆಯಿಂದಲೋ ತಲೆಯನ್ನು ಮುಚ್ಚಿಕೊಳ್ಳತಕ್ಕದ್ದು. ಸಾವುಗಳು ಬಹುಪಾಲು ಹಾರಿಬಂದ ವಸ್ತುಗಳ ಪೆಟ್ಟಿನಿಂದಲೂ ಕುಸಿದ ಗೋಡೆಗಳಿಂದಲೂ ಆಗುವುವು. ಬಯಲಿನಲ್ಲಿ ಸಿಕ್ಕಿಕೊಂಡು ಬೇರೆ ಮಾರ್ಗವೇ ಇಲ್ಲದಿದ್ದರೆ ತಗ್ಗಿನಲ್ಲಿ ಬೋರಲಾಗಿ ಮಲಗಿ ತಲೆಯನ್ನು ಕೈಗಳಿಂದ ಮರೆಮಾಡಿಕೊಳ್ಳಬೇಕು.

4. ಕಿಟಕಿ ಬಾಗಿಲುಗಳನ್ನು ತೆರೆದಿಟ್ಟರೆ ಒಳಗಿನ ಒತ್ತಡ ಕಳೆದು ಮನೆ ಉಳಿಯುವುದೆಂಬ ನಂಬಿಕೆ ಹಿಂದೆ ಅಮೆರಿಕದಲ್ಲಿಯೂ ಇದ್ದಿತು. ಇದು ತಪ್ಪೆಂದು ಸಿದ್ಧವಾಗಿದೆ. ಒಳಕ್ಕೆ ನುಗ್ಗಿದ ಗಾಳಿಯು ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಎಲ್ಲವನ್ನೂ ಭದ್ರವಾಗಿ ಮುಚ್ಚತಕ್ಕದ್ದು.

5. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಲು ಅಂಜಬೇಕಾದುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡು ಕೈಗಳಿಂದ ಬಲವಾಗಿಯೂ ಬೇಗಬೇಗನೆಯೂ ಒತ್ತುತ್ತಾ ಆಸ್ಪತ್ರೆಗೆ ಸಾಗಿಸುವ ಏರ್ಪಾಟು ಮಾಡತಕ್ಕದ್ದು. ಗಾಳಿ ನಿಂತ ಮೇಲೆ ನೆಲದಲ್ಲಿ ಬಿದ್ದ ವಿದ್ಯುತ್ ತಂತಿಯ ಹತ್ತಿರ ಯಾರನ್ನೂ ಬಿಡಕೂಡದು.

ಮುಂಚಿತವಾಗಿ ಮಾಡತಕ್ಕ ಸಿದ್ಧತೆ

ತಗಡಿನ ಚಾವಣಿಯ ಮೇಲೆ ಕಲ್ಲುಗಳನ್ನು ಹೇರುವ ಪದ್ಧತಿಯನ್ನು ಬಿಡತಕ್ಕದ್ದು. ತಗಡು ಎದ್ದಾಗ ಆ ಕಲ್ಲುಗಳೇ ಒಳಗಿರುವವರ ತಲೆಯ ಮೇಲೆ ಬೀಳುತ್ತವೆ. ತಗಡುಗಳನ್ನು ಕೊಕ್ಕೆಬೋಲ್ಟುಗಳಿಂದ ತೊಲೆಗಳಿಗೂ, ತೊಲೆಗಳನ್ನು ಗೋಡೆಗೂ ಬಿಗಿಯತಕ್ಕದ್ದು. ಮನೆಗೂ ಕೊಟ್ಟಿಗೆಗೂ ಬಾಗಿದ ಒಣಕೊಂಬೆಗಳನ್ನು ಯುಗಾದಿಯ ಹೊತ್ತಿಗೆ ಕಡಿಸತಕ್ಕದ್ದು. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡತಕ್ಕದ್ದು. ತೋಟದಲ್ಲಿ ಗಾಳಿ ಬರುವ ಪಕ್ಕಕ್ಕೆ ಸರ್ವೆಯಂತಹ ಮರಗಳ ಸಾಲನ್ನು ಬೆಳೆಸಿದರೆ, ಅದರ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೆ ಸಾಮಾನ್ಯ ಗಾಳಿಯ ಬಲವು ತಗ್ಗುತ್ತದೆ. ಸುಂಟರಗಾಳಿಯನ್ನು ಮಾತ್ರ ಯಾವ ಸಾಲುಮರವೂ ತಡೆಯಲಾರದು.

ಭಾರತೀಯ ಹವಾಮಾನ ಇಲಾಖೆಯವರು ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆಗಳನ್ನೂ, ಮುಂದಿನ ಮೂರು ಗಂಟೆಗಳಿಗೆ ಸಲ್ಲುವ ಗುಡುಗುಮಳೆಯ ಸೂಚನೆಗಳನ್ನೂ ಪ್ರಕಟಿಸುತ್ತಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಎಂಬ ಸಾಧನವು ಮೊಬೈಲು ದೂರವಾಣಿಯಲ್ಲಿ ಸಮೀಪದ ಸಿಡಿಲನ್ನು ತಿಳಿಸುತ್ತದೆ. ಪ್ರತಿ ಗ್ರಾಮದಲ್ಲಿಯೂ ಇದನ್ನು ನೋಡತಕ್ಕವನೊಬ್ಬನನ್ನು ನೇಮಿಸಿ, ಎಚ್ಚರಿಕೆ ಬಂದೊಡನೆ ಗುಡಿಯ ಗಂಟೆಯಿಂದಲೋ ಧ್ವನಿವರ್ಧಕದಿಂದಲೋ ಸಾರಿಸುವುದೂ, ಊರ ಶಾಲೆಯಂತಹ ಗಟ್ಟಿಯಾದ ಕಟ್ಟಡದ ಬೀಗದ ಕೈ ಯಾವಾಗಲೂ ಸಿಕ್ಕುವಂತೆ ಇರಿಸುವುದೂ ಮುಖಂಡರ ಕರ್ತವ್ಯ. ಫಸಲ್ ಬಿಮಾ ಮಾಡಿಸಿದವರು ಆಲಿಕಲ್ಲಿನ ನಷ್ಟವನ್ನು 72 ಗಂಟೆಗಳೊಳಗಾಗಿ ತಿಳಿಸತಕ್ಕದ್ದೆಂಬುದನ್ನೂ ರೈತರಿಗೆ ಹೇಳಿರತಕ್ಕದ್ದು.

ಬಿದ್ದ ಬಾಳೆಯ ಬುಡದಿಂದ ಕಂದು ಏಳುತ್ತದೆ. ಹಾರಿದ ತಗಡನ್ನು ಮತ್ತೆ ಹೊದಿಸಬಹುದು. ಹೋದ ಜೀವವು ಬರುವುದಿಲ್ಲ. ಈ ಬೇಸಗೆಯಲ್ಲಿ ಮೊದಲ ಗುಡುಗು ಕೇಳಿಸಿದಾಗ, ಕೆಲಸವು ಎಷ್ಟೇ ಉಳಿದಿದ್ದರೂ, “ಸಾಕು, ಏಳಿರಿ” ಎಂಬ ಮಾತು ಮೊದಲು ಜಮೀನಿನ ಯಜಮಾನರ ಬಾಯಿಂದಲೇ ಬರಲೆಂದು ವಿಜ್ಞಾಪಿಸಿಕೊಳ್ಳುತ್ತೇನೆ.