ದೊಡ್ಡಬೆಟ್ಟದಿಂದ ಕಂಡ ಬೆಳಗೊಳ

ಶ್ರವಣಬೆಳಗೊಳಕ್ಕೆ ಹೋದವರು ದೊಡ್ಡಬೆಟ್ಟವನ್ನು ಹತ್ತುವುದು ಗೊಮ್ಮಟನನ್ನು ನೋಡುವುದಕ್ಕೆ. ಅವನಿಗೆ ಬೆನ್ನುಮಾಡಿ ಊರನ್ನು ನೋಡುವವರು ಕಡಮೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ನಾಲ್ವರು ಆ ಕೆಲಸಕ್ಕಾಗಿಯೇ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆವು. ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರಿದಾಗ ಹೊತ್ತು ಇಳಿಯತೊಡಗಿತ್ತು.

ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಈ ಮೂರ್ತಿ ಉತ್ತರಾಭಿಮುಖವಾಗಿದೆ. ಆದುದರಿಂದ ಸಂಜೆಯ ಬಿಸಿಲು ಅದರ ಎಡಗೆನ್ನೆಯ ಮೇಲೆ ಬೀಳುತ್ತದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಟ್ಟಿಸಿದ ಸುತ್ತಾಲಯದ ನೆರಳಿನಲ್ಲಿ ಪಾದಗಳು ಆಗಲೇ ಮಬ್ಬಾಗಿದ್ದುವು.

ಹೊರಗೆ ಬಂದು ಉತ್ತರಕ್ಕೆ ಮುಖಮಾಡಿ ನಿಂತೆವು. ಕೆಳಗೆ ಕಲ್ಯಾಣಿ, ಅದರಾಚೆ ಚಿಕ್ಕಬೆಟ್ಟದ ಮೇಲೆ ಬಸದಿಗಳ ಗುಂಪು. ಊರೊಳಗೆ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿ, ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿ. ಪುಸ್ತಕದಲ್ಲಿ ಬೇರೆಬೇರೆ ಪುಟಗಳಲ್ಲಿ ಓದಿದ್ದ ಗಂಗರೂ ಹೊಯ್ಸಳರೂ ಇಲ್ಲಿ ಒಂದೇ ನೋಟಕ್ಕೆ ಸಿಕ್ಕಿದರು.

ಮರಳುವಾಗ ಇನ್ನೊಂದು ಕಂಡಿತು. ಮಧ್ಯಾಹ್ನ ಬರಿಯ ಗೀರುಗಳಂತಿದ್ದ ಬಂಡೆಯ ಬರಹಗಳು ಈಗ ಅಕ್ಷರಗಳಾಗಿದ್ದುವು. ನಡುಹಗಲಿನ ಬೆಳಕು ಕೊರೆದ ಗೆರೆಯೊಳಕ್ಕೆ ನೇರವಾಗಿ ಇಳಿಯುತ್ತದೆ. ಸಂಜೆಯದು ಓರೆಯಾಗಿ ಬಂದು ಗೆರೆಯ ಒಂದು ಅಂಚಿನ ನೆರಳನ್ನು ಒಳಗೆ ಕೆಡಹುತ್ತದೆ. ಆ ನೆರಳೇ ಅಕ್ಷರ. ಬಿ.ಎಲ್. ರೈಸರು 1889ರಲ್ಲಿ ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದುವು. ಎಷ್ಟು ಸಂಜೆಗಳ ದುಡಿಮೆಯೋ!

ಆದರೆ ನಾನು ಮುಖ್ಯವಾಗಿ ನೋಡಬೇಕೆಂದಿದ್ದ ಕಲ್ಲು ಬೆಟ್ಟದ ಮೇಲಿನಿಂದ ಕಾಣುವಂಥದಲ್ಲ. ಅದು ಭಂಡಾರಿ ಬಸದಿಯ ಬಳಿಯ, 1368ರ ಬುಕ್ಕರಾಯನ ಶಾಸನ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ದೂರಿತ್ತಾಗ, ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಮೊದಲಿನಂತೆಯೇ ಉಳಿಯಿತು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ನನಗೆ ಹಿಡಿಸಿದ್ದು ಅದರ ಮುಂದಿನ ಲೆಕ್ಕ: ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು, ಅದರಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜೈನರ ದೇವರ ಕಾವಲಿನ ಹೊಣೆ ವೈಷ್ಣವರ ಮೇಲೆ! ಕೈ ಹಿಡಿಸಿದ್ದು ಒಂದು ದಿನದ ಮಾತಾಗದಂತೆ ಸುಣ್ಣದ ಖರ್ಚಿನವರೆಗೂ ಕಟ್ಟುಮಾಡಿದ ಆ ಬುದ್ಧಿ ದೊಡ್ಡದೆಂದು ನನಗೆ ತೋರಿತು.

ನಾವು ಇಳಿದು ಅಲ್ಲಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಗೆಳೆಯನು ಟಾರ್ಚನ್ನು ನೇರವಾಗಿ ಹಿಡಿದ, ಏನೂ ತಿಳಿಯಲಿಲ್ಲ. ಬೆಟ್ಟದ ಮೇಲಿನ ಬಿಸಿಲು ನೆನಪಾಗಿ ಪಕ್ಕದಿಂದ ಓರೆಯಾಗಿ ಹಿಡಿಯಹೇಳಿದೆ. ಸಾಲುಗಳು ಎದ್ದು ನಿಂತುವು. ಹಳೆಯ ಲಿಪಿಯಲ್ಲಿ ನನಗೆ ದಕ್ಕಿದ್ದು ನಾಲ್ಕೈದು ಅಕ್ಷರ ಮಾತ್ರ.

ಕಟ್ಟಾಯ ಹೋಬಳಿಯ ನಮ್ಮೂರಿನ ಕೆರೆಯ ಏರಿಯ ಮೇಲೂ ಅಕ್ಷರದ ಕಲ್ಲೊಂದಿದೆ. ದನಗಳು ಅದಕ್ಕೆ ಮೈ ಉಜ್ಜಿಕೊಳ್ಳುತ್ತವೆ. ಅದರಲ್ಲೇನಿದೆಯೆಂದು ನಮ್ಮಪ್ಪನನ್ನು ಕೇಳಿದರೆ, “ಓದಿದೋನು ನೀನೇ ಹೇಳಪ್ಪ” ಎನ್ನುತ್ತಾರೆ. ಬರುವ ರಜೆಯಲ್ಲಿ ಸಂಜೆ ಐದರ ಮೇಲೆ ಅಲ್ಲಿಗೆ ಹೋಗಬೇಕು.