ಇಲಿಗೆ ಅರಿಶಿನ, ಮನುಷ್ಯನಿಗೆ ಅಟ್ರೋಪಿನ್

ಮಂಡ್ಯ, ಮದ್ದೂರು ಕಡೆ ಭತ್ತ, ಕಬ್ಬು, ತರಕಾರಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಬಾಟಲಿ ಸಾಮಾನ್ಯ. ಸಿಂಪಡಿಸುವುದಕ್ಕೆ ‘ಔಷಧಿ ಹೊಡೆಯೋದು’ ಅಂತಾರೆ. ವಿಷಕ್ಕೆ ಔಷಧಿ ಅಂತ ಹೆಸರು! ಮಳವಳ್ಳಿಯ ರೇಷ್ಮೆ ಬೆಳೆಗಾರರಿಗೆ ಮಾತ್ರ ಅದರ ನಿಜ ಗೊತ್ತು. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಹುಳುಗಳು ಸಾಯುತ್ತವೆ.

ಅರಿಶಿನ, ನೆಲ್ಲಿ, ನುಗ್ಗೆಸೊಪ್ಪಿನ ಸಾರ ಇಲಿಗಳನ್ನು ಕೀಟನಾಶಕದಿಂದ ಕಾಪಾಡುತ್ತದೆ ಎಂಬ ಸಂಶೋಧನೆಗಳಿವೆ. ಇದನ್ನು ಮನೆಯಲ್ಲಿ ಹೇಳಿದಾಗ ನಾನಿಗೆ ಬಹಳ ಖುಷಿಯಾಯಿತು. ಹಲ್ದಿ ಎಲ್ಲಕ್ಕೂ ಮದ್ದು ಎನ್ನುವುದು ಅವರ ನಂಬಿಕೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಲೆಕ್ಕದಲ್ಲಿ ಮೊತ್ತಕ್ಕಿಂತ ಮೊದಲು ದಿನಾಂಕ ನೋಡಬೇಕೆಂದು ನಮಗೆ ಕಲಿಸುತ್ತಾರೆ. ಇಲ್ಲೂ ಹಾಗೇ ನೋಡಿದೆ.

ಪ್ರಯೋಗದಲ್ಲಿ ಇಲಿಗಳನ್ನು ಗುಂಪುಗಳಾಗಿ ಮಾಡುತ್ತಾರೆ. ಒಂದಕ್ಕೆ ಬರೀ ಆಹಾರ, ನೀರು. ಒಂದಕ್ಕೆ ಕೀಟನಾಶಕ. ಇನ್ನೊಂದಕ್ಕೆ ಕೀಟನಾಶಕದ ಜೊತೆ ಗಿಡದ ಸಾರ. ಕೊನೆಗೆ ರಕ್ತ, ಯಕೃತ್ತು ಪರೀಕ್ಷಿಸುತ್ತಾರೆ. ಕೀಟನಾಶಕ ಜೀವಕೋಶಗಳನ್ನು ಸುಡುವಂಥ ಕಣಗಳನ್ನು ಹೆಚ್ಚಿಸುತ್ತದೆ. ಗಿಡದಲ್ಲಿರುವ ಆಂಟಿ ಆಕ್ಸಿಡೆಂಟ್‌ಗಳು ಅವನ್ನು ತಗ್ಗಿಸುತ್ತವೆ. ಆದರೆ ದಿನಾಂಕ ನೋಡಿ: ಸಾಮಾನ್ಯವಾಗಿ ಸಾರವನ್ನು ವಿಷಕ್ಕೆ ಮೊದಲೇ ಅಥವಾ ವಿಷದ ಜೊತೆಗೇ, ತೂಕಕ್ಕೆ ತಕ್ಕಂತೆ ಅಳೆದು, ದಿನವೂ ಕೊಟ್ಟಿರುತ್ತಾರೆ. ವಿಷದ ಪ್ರಮಾಣವೂ ಸಾಮಾನ್ಯವಾಗಿ ಚಿಕ್ಕದು.

ವಿಷ ಕುಡಿದವರ ಲೆಕ್ಕವೇ ಬೇರೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು. ಅದು ಮೊನೊಕ್ರೊಟೊಫಾಸ್, ಆರ್ಗ್ಯಾನೊಫಾಸ್ಫೇಟ್ ಜಾತಿಯ ವಿಷ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸ್ನಾಯು, ಗ್ರಂಥಿಗಳಿಗೆ ಸುದ್ದಿ ಕಳಿಸುತ್ತವೆ. ಕೆಲಸ ಮುಗಿದ ಮೇಲೆ ಒಂದು ಕಿಣ್ವ ಅದನ್ನು ಒಡೆದುಹಾಕಬೇಕು. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಜೊಲ್ಲು, ಬೆವರು ಸುರಿಯುತ್ತದೆ, ಕಣ್ಣಿನ ಪಾಪೆ ಕುಗ್ಗುತ್ತದೆ, ಶ್ವಾಸನಾಳದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಇಲ್ಲಿ ಅರಿಶಿನದ ಹಾಲಿಗೆ ಮಾಡುವ ಕೆಲಸವೇ ಇಲ್ಲ. ಅದನ್ನು ಕುಡಿಸುತ್ತ ಕೂತರೆ ಹೋಗುವುದು ಸಮಯ. ಎಚ್ಚರ ತಪ್ಪಿದವರಿಗೆ ಅದು ಶ್ವಾಸಕೋಶಕ್ಕೇ ಇಳಿಯಬಹುದು.

ಆಸ್ಪತ್ರೆಯಲ್ಲಿ ಕೊಡುವುದು ಅಟ್ರೋಪಿನ್ ಇಂಜೆಕ್ಷನ್. ನನಗೆ ಅತ್ಯಂತ ಆಶ್ಚರ್ಯವಾದದ್ದು ಇದೇ: ಅಟ್ರೋಪಿನ್ ಕೂಡ ಮೂಲತಃ ಗಿಡದ್ದು! ಬೆಲ್ಲಡೋನ ಗಿಡದಲ್ಲಿದೆ, ನಮ್ಮ ರಸ್ತೆಬದಿಯ ಉಮ್ಮತ್ತಿಯಲ್ಲೂ ಇದೆ. ಹಾಗಂತ ಉಮ್ಮತ್ತಿ ಅರೆದು ಕುಡಿಸಿದರೆ ಎರಡನೇ ವಿಷ ಕೊಟ್ಟಂತೆ, ಏಕೆಂದರೆ ಒಂದೊಂದು ಕಾಯಿಯಲ್ಲೂ ಅದರ ಪ್ರಮಾಣ ಬೇರೆ. ವೈದ್ಯರು ಶುದ್ಧ ಮದ್ದನ್ನು ಅಳೆದು ಕೊಟ್ಟು, ಎದೆಯ ಸದ್ದು, ನಾಡಿ ನೋಡುತ್ತ ಮತ್ತೆ ಮತ್ತೆ ಕೊಡುತ್ತಾರೆ. ಹಾಗಾಗಿ ನಾನಿ ಗಿಡವನ್ನು ನಂಬಿದ್ದು ಸುಳ್ಳಲ್ಲ, ಯಾವ ಗಿಡ, ಯಾರ ಕೈಯಲ್ಲಿ ಎನ್ನುವುದೇ ಪ್ರಶ್ನೆ.

ಇನ್ನೊಂದು ವಿಷಯ. ಕೀಟನಾಶಕದ ಬಾಟಲಿಯ ಲೇಬಲ್ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತು ಇರುತ್ತದೆ. ಕೆಂಪು ಅತಿ ವಿಷ. ಪ್ರತಿವಿಷದ ಹೆಸರೂ ಅದರಲ್ಲೇ ಅಚ್ಚಾಗಿರುತ್ತದೆ. ಯಾರಾದರೂ ಕುಡಿದಿದ್ದರೆ 108ಕ್ಕೆ ಫೋನ್ ಮಾಡಿ, ಬಟ್ಟೆಗೆ ಚೆಲ್ಲಿದ್ದರೆ ಬಿಚ್ಚಿಸಿ ಮೈ ತೊಳೆಸಿ, ಆ ಬಾಟಲಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.